ದಯಾಮರಣಕ್ಕೆ ಸಲ್ಲೇಖನದ ಹೆಸರೇಕೆ?

ಕುತ್ತಿಗೆಯಿಂದ ಕೆಳಗೆ ದೇಹದ ಸ್ವಾಧೀನ ತಪ್ಪಿದವನು ಸಾವನ್ನು ಬೇಡಿದರೆ ಅದನ್ನು ಒದಗಿಸುವುದೇ ಕರುಣೆ ಎಂಬ ವಾದವು ಶ್ರಾವಕರ ಮನೆಗಳಲ್ಲಿಯೂ ಕೇಳಿಬರುತ್ತಿದೆ. ವಾದಿಗಳು ಸಲ್ಲೇಖನವನ್ನೇ ಸಾಕ್ಷಿಗೆ ಕರೆಯುತ್ತಾರೆ: ಜೈನಧರ್ಮವು ಒಪ್ಪಿದ ಮರಣವನ್ನು ವೈದ್ಯನು ಕೊಟ್ಟರೆ ತಪ್ಪೇನು? ತಪ್ಪಿರುವುದು ಆ ಸಾಕ್ಷಿಯಲ್ಲಿಯೇ.

ಪ್ರತೀಕಾರವಿಲ್ಲದ ರೋಗವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಕಾರಣಗಳೊಳಗೆ ಎಣಿಸಿರುವುದು ನಿಜ. ಆದರೆ ತತ್ತ್ವಾರ್ಥಸೂತ್ರವು ಆ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮರಣಾಶಂಸೆಯೂ ಒಂದು. ಬೇಗ ಸಾಯಬೇಕೆಂಬ ಬಯಕೆಯೇ ವ್ರತಕ್ಕೆ ಕಳಂಕ. ಸೂಜಿಮದ್ದಿನ ದಯಾಮರಣದಲ್ಲಿ ಆ ಬಯಕೆಯ ಹೊರತು ಇನ್ನೇನಿದೆ? ದೇವಚಂದ್ರನ ರಾಜಾವಳಿಕಥೆಯು ಹೇಳುವಂತೆ, ಸಮಂತಭದ್ರರೇ ಭಸ್ಮಕರೋಗದಿಂದ ಬಳಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ, ಮುನಿವೇಷವನ್ನು ತ್ಯಜಿಸಿಯಾದರೂ ರೋಗವನ್ನು ಶಮನಗೊಳಿಸಿಕೊಳ್ಳೆಂದರು. ಸ್ವಯಂಭೂಸ್ತೋತ್ರವು ಹುಟ್ಟಿದ್ದು ಆ ನಿರಾಕರಣೆಯ ಅನಂತರವೆಂದು ಪರಂಪರೆ ನಂಬುತ್ತದೆ.

೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಹೈಕೋರ್ಟು ಸಂಥಾರಾವನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ೩೧ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. ಅಂದು ಎರಡೂ ಬೇರೆ ಎಂದವರು ಇಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಯಾವ ನ್ಯಾಯ?

ಕಾನೂನನ್ನೂ ಇಲ್ಲಿಗೆ ಎಳೆಯಬೇಕಿಲ್ಲ. ೨೦೧೮ರ ಸುಪ್ರೀಂ ಕೋರ್ಟಿನ ತೀರ್ಪೂ ೨೦೨೫ರ ಜನವರಿಯ ಕರ್ನಾಟಕ ಆರೋಗ್ಯ ಇಲಾಖೆಯ ಆದೇಶವೂ ಹೇಳುವುದು ಚೇತರಿಕೆಯ ಆಸೆಯಿಲ್ಲದ ರೋಗಿಯ ಕೃತಕ ಜೀವಾಧಾರವನ್ನು ಹಿಂತೆಗೆಯುವ ಮಾತನ್ನು. ತಾನೇ ಉಸಿರಾಡುತ್ತ, ಮಾತನಾಡುತ್ತ ಇರುವವನಿಗೆ ವಿಷ ಕೊಡಲು ಅವು ಅಪ್ಪಣೆ ಕೊಟ್ಟಿಲ್ಲ.

ಇಷ್ಟಾದರೂ ಸಂಕಟ ಸುಳ್ಳಲ್ಲ. ಇಂಗ್ಲೆಂಡಿನ ಟೋನಿ ನಿಕ್ಲಿನ್‌ಸನ್ ೨೦೦೫ರ ಲಕ್ವದಿಂದ ಸರ್ವಾಂಗವೂ ನಿಶ್ಚಲವಾಗಿ, ಕಣ್ಣಿನ ಚಲನೆಯಿಂದಲೇ ಮಾತನಾಡುತ್ತಿದ್ದರು. ೨೦೧೨ರ ಆಗಸ್ಟಿನಲ್ಲಿ ನ್ಯಾಯಾಲಯವು ಅವರ ಮರಣದ ಬೇಡಿಕೆಯನ್ನು ತಳ್ಳಿಹಾಕಿತು. ಆರು ದಿನಗಳಲ್ಲಿ ಅವರು ತೀರಿಕೊಂಡರು. ಅವರ ಹೆಂಡತಿ ಕೊನೆಯವರೆಗೂ ಜೊತೆಗಿದ್ದರು. ಅಂಥವರ ಮುಂದೆ ಕರ್ಮಫಲದ ಉಪದೇಶ ಮಾಡುವ ಪಂಡಿತರು ಮೊದಲು ಒಂದು ರಾತ್ರಿ ಆ ಮಂಚದ ಬಳಿ ಎಚ್ಚರವಿರಲಿ.

ಇನ್ನು ಕೋಲಾರ ಚಿನ್ನದ ಗಣಿ. ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆ ಸಿಡಿಯುತ್ತಿದ್ದ ನೆಲವಿದು. ಬೆನ್ನುಮೂಳೆಯ ಪೆಟ್ಟು ಏನೆಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು, ಅದರ ಆಸ್ಪತ್ರೆಯೂ ಮುಚ್ಚಿತು. ೨೦೨೧ರ ಕೋವಿಡ್ ಕಾಲದಲ್ಲಿ ಸ್ವಯಂಸೇವಕರು ಆ ಪಾಳು ಕಟ್ಟಡವನ್ನು ಗುಡಿಸಿ ತೊಳೆದು ಮತ್ತೆ ಹಾಸಿಗೆ ಹಾಕಿದರು. ಕೈಗಳಿಗೆ ಕೊರತೆಯಿಲ್ಲವೆಂದಾಯಿತು.

ಸ್ವಾಧೀನ ತಪ್ಪಿದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ೧೯೭೩ರಿಂದ ೨೦೧೫ರವರೆಗೆ ಮಲಗಿದ್ದರು. ಅಲ್ಲಿಯ ದಾದಿಯರು ಮೈಯಲ್ಲಿ ಒಂದು ಹುಣ್ಣೂ ಆಗದಂತೆ ನೋಡಿಕೊಂಡರು. ಇದಕ್ಕೆ ಜಿನಾಗಮದಲ್ಲಿ ಹೆಸರಿದೆ: ವೈಯಾವೃತ್ಯ. ಅದು ಅಂತರಂಗ ತಪಸ್ಸುಗಳಲ್ಲೊಂದು. ಮನೆಯ ಹೆಣ್ಣುಮಕ್ಕಳ ಹೆಗಲಿಗೇ ಅದನ್ನು ಹೊರಿಸಿ, ಅವರು ಬಸವಳಿದಾಗ ರೋಗಿಯು ‘ನಾನು ಹೊರೆಯಾದೆ’ ಎಂದು ಸಾವನ್ನು ಬೇಡಿದರೆ, ಆ ಬೇಡಿಕೆಯಲ್ಲಿ ಸ್ವೇಚ್ಛೆಯೆಷ್ಟು?

ಅಭಿಷೇಕದ ಮೊದಲ ಕಲಶಕ್ಕೆ ಸವಾಲು ಕೂಗುವ ಟ್ರಸ್ಟುಗಳ ಲೆಕ್ಕಪುಸ್ತಕದಲ್ಲಿ ವೈಯಾವೃತ್ಯಕ್ಕೆಂದು ಒಂದು ಬಾಬ್ತೂ ಇಲ್ಲದಿದ್ದರೆ, ದಯಾಮರಣವನ್ನು ಖಂಡಿಸುವ ಅವುಗಳ ಠರಾವಿಗೆ ಬೆಲೆಯೇನು? ಗಾಳಿಹಾಸಿಗೆ, ಗಾಲಿಕುರ್ಚಿ, ರಾತ್ರಿಪಾಳಿಗೆ ಒಬ್ಬ ಸಂಬಳದ ಸಹಾಯಕ: ಇವು ಪಂಚಕಲ್ಯಾಣದ ಚಪ್ಪರದ ಖರ್ಚಿಗೆ ಸಮವೂ ಅಲ್ಲ. ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆ ದೂರವೂ ಅಲ್ಲ. ಮಾರ್ಚ್ ೩೧ರ ಲೆಕ್ಕ ಮುಗಿಯುವ ಮುನ್ನ ಎರಡೂ ಊರಿನ ಟ್ರಸ್ಟುಗಳು ಆ ಬಾಬ್ತನ್ನು ತೆರೆಯಲಿ, ರೋಗಿಯ ಜಾತಿ ಧರ್ಮ ಕೇಳದೆ.