ಕೂಸಿನ ಅಭ್ಯಂಗ: ಕಲಿಸುವುದೂ ಕಾಯಕವೇ

ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಗುಂಡಗುರ್ತಿ, ಚಿತ್ತಾಪುರ, ಸೇಡಂ ಸೀಮೆಯ ಮನೆಗಳಿಗೆ ಹೊಸದಲ್ಲ. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀವುವ ಹಿರಿಯ ತಾಯಂದಿರು ಓಣಿಗೊಬ್ಬರಾದರೂ ಇರುತ್ತಿದ್ದರು. ಅವರಿಗೆ ಸಲ್ಲುತ್ತಿದ್ದುದು ಸೀರೆ, ಕುಪ್ಪಸ, ಒಂದಿಷ್ಟು ಜೋಳ. ಇಂದು ದುಡಿಮೆಗಾಗಿ ಮುಂಬೈ, ಹೈದರಾಬಾದು, ಬೆಂಗಳೂರು ಸೇರಿದ ನಮ್ಮ ಮಕ್ಕಳ ಮನೆಗಳಲ್ಲಿ ಆ ಕೈಗಳಿಲ್ಲ. ಮೊಬೈಲ್ ನೋಡಿ ಕಲಿಯುವ ಪಾಡು ಬಂದಿದೆ.

ಹೊರದೇಶಗಳಲ್ಲಿ ಇದೇ ವಿದ್ಯೆ ಗೌರವದ ವೃತ್ತಿಯಾಗಿದೆ. ಫ್ರಾನ್ಸಿನ ಪ್ರಸೂತಿ ವೈದ್ಯ ಫ್ರೆಡರಿಕ್ ಲೆಬೊಯೆ ಕಲ್ಕತ್ತೆಯಲ್ಲಿ ಶಾಂತಲಾ ಎಂಬ ತಾಯಿ ತನ್ನ ಕೂಸನ್ನು ನೀವುವುದನ್ನು ಕಂಡು, 1976ರಲ್ಲಿ ಆಕೆಯ ಹೆಸರಿನಲ್ಲಿಯೇ ಗ್ರಂಥ ಪ್ರಕಟಿಸಿದರು. ಅಮೆರಿಕದ ವಿಮಲಾ ಮೆಕ್‌ಕ್ಲೂರ್ 1973ರಲ್ಲಿ ಭಾರತದ ಅನಾಥಾಲಯವೊಂದರಲ್ಲಿ ಕಂಡದ್ದನ್ನು ತಮ್ಮ ನಾಡಿನ ಪಾಲಕರಿಗೆ ಕಲಿಸತೊಡಗಿದರು. ಆ ಪದ್ಧತಿಯಲ್ಲಿ ಶಿಕ್ಷಕಿ ಗೊಂಬೆಯ ಮೇಲೆ ತೋರಿಸುತ್ತಾರೆ. ತಾಯಿತಂದೆಯರೇ ತಮ್ಮ ಕೂಸನ್ನು ನೀವುತ್ತಾರೆ.

ನಮ್ಮ ತಾಯಂದಿರೂ ಎರೆಯುವವರಾಗಿ ಮಾತ್ರ ಉಳಿಯದೆ ಕಲಿಸುವವರಾಗಬೇಕೆಂಬುದು ನಮ್ಮ ಅಭಿಪ್ರಾಯ. ಎರೆದರೆ ಒಂದು ದಿನದ ಸೇವೆ. ಕಲಿಸಿದರೆ ಆ ಮನೆಗೆ ವಿದ್ಯೆ ಉಳಿಯುತ್ತದೆ. ಇದಕ್ಕೆ ಶುಲ್ಕ ಪಡೆಯಲು ಸಂಕೋಚ ಬೇಡ. ಸತ್ಯಶುದ್ಧ ಕಾಯಕಕ್ಕೆ ನ್ಯಾಯವಾದ ಪ್ರತಿಫಲವುಂಟು. ಬಡ ಬಾಣಂತಿಗೆ ಹಣ ಕೇಳದೆ ಕಲಿಸಿದರೆ ಅದು ದಾಸೋಹ.

ಆದರೆ ಸತ್ಯಶುದ್ಧವೆನಿಸಲು ಹಳೆಯ ಕೆಲವು ರೂಢಿಗಳನ್ನು ಬಿಡಲೇಬೇಕು. ಮೂಗು, ಕಿವಿಗಳಿಗೆ ಎಣ್ಣೆ ಬಿಡಬಾರದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶ ಸೇರಿ ಕೂಸಿನ ಪ್ರಾಣಕ್ಕೇ ಎರವಾದೀತು. ತಲೆ, ಮೂಗು ತಿದ್ದಲೆಂದು ಒತ್ತುವುದು, ಎದೆ ಹಿಂಡುವುದು, ಕೈಕಾಲು ಜಗ್ಗುವುದು, ಲೋಬಾನದ ಹೊಗೆ ಹಾಕುವುದು ಸಲ್ಲದು. ಸಾಸಿವೆ ಎಣ್ಣೆ ಎಳೆಯ ಚರ್ಮಕ್ಕೆ ಒಗ್ಗದು. ಉಗುರು ಕತ್ತರಿಸಿ, ಬಳೆ ಉಂಗುರ ತೆಗೆದು, ಕೈ ತೊಳೆದೇ ಕೂಸನ್ನು ಮುಟ್ಟಬೇಕು. ಹಾಲುಂಡ ಕೂಡಲೇ, ಜ್ವರವಿದ್ದಾಗ ನೀವಬಾರದು.

1986ರಲ್ಲಿ ಪ್ರಕಟವಾದ ಟಿಫನಿ ಫೀಲ್ಡ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ದಿನ ತುಂಬುವ ಮೊದಲೇ ಹುಟ್ಟಿ ಮೃದುವಾದ ನೀವಿಕೆ ಪಡೆದ ಕೂಸುಗಳ ತೂಕ ದಿನಕ್ಕೆ ಶೇ. 47ರಷ್ಟು ಹೆಚ್ಚಾಗಿ ಏರಿತು. ಅದು ಆಸ್ಪತ್ರೆಯ ನಿಗಾದಲ್ಲಿ ನಡೆದದ್ದು. ಅದನ್ನೇ ಜಾಹೀರಾತು ಮಾಡಿ ರೋಗ ವಾಸಿಮಾಡುವೆವೆಂದರೆ ಕಾಯಕ ಕೆಡುತ್ತದೆ. ತೂಕ ಕಡಿಮೆಯಿರುವ ಕೂಸಿಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಹೆರಿಗೆಯಾದ ಮೇಲೆ 42 ದಿನಗಳವರೆಗೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರ ಸಲಹೆಯನ್ನೂ ಪಡೆಯಬೇಕು.

ಭಕ್ತರು ತಮ್ಮ ಊರಿನ ಅನುಭವಿ ತಾಯಂದಿರನ್ನು ಗುರುತಿಸಿ ಗೌರವಿಸಲಿ. ಕಲಿಯಲು ಸೊಸೆಯೊಡನೆ ಮಗನೂ ಕುಳಿತುಕೊಳ್ಳಲಿ. ತಂದೆಯ ಕೈಯ ಬಿಸುಪೂ ಕೂಸಿಗೆ ಬೇಕು.