ಮಳೆಯಂತ್ರದ ಸೆಟ್ಟಿಂಗ್ ಯಾರ ಕೈಯಲ್ಲಿರಬೇಕು?

ಅಂಗಳದ ಮಾಪಕದ ನೀರನ್ನು ಬೆಳಿಗ್ಗೆ ಅಳೆದು ಇಂಚು, ಸೆಂಟ್‌ಗಳಲ್ಲಿ ಬರೆದಿಡುವ ರೂಢಿ ನಮ್ಮ ತೋಟಗಾರರಿಗೆ ಹೊಸದಲ್ಲ. ಈಗ ಆ ಜಾಗಕ್ಕೆ, ಸಿಮ್ ಹಾಕಿದರೆ ತಾನೇ ಅಳೆದು ಫೋನಿಗೆ ಅಂಕಿ ಕಳಿಸುವ ಯಂತ್ರಗಳು ಬರುತ್ತಿವೆ. ಸಂತೋಷವೇ. ಆದರೆ ಅದರ ನೆಟ್‌ವರ್ಕ್ ಸೆಟ್ಟಿಂಗ್ ಅನ್ನು ಪೂರ್ತಿಯಾಗಿ ಮಾರಾಟಗಾರರಿಗೇ ಬಿಟ್ಟುಕೊಡುವುದು ತರವಲ್ಲವೆಂಬುದು ನನ್ನ ಅಭಿಪ್ರಾಯ.

ಗಡಿಯಾರದ ವಿಷಯವನ್ನೇ ನೋಡೋಣ. ಹವಾಮಾನ ಇಲಾಖೆಗೆ ಮಳೆಯ ದಿನವೆಂದರೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಹಲವು ಯಂತ್ರಗಳು ನೆಟ್‌ವರ್ಕಿನಿಂದ ಗ್ರೀನಿಚ್ ವೇಳೆಯನ್ನು ಪಡೆಯುತ್ತವೆ. ಭಾರತದ ವೇಳೆಗೆ ಹೊಂದಿಸದಿದ್ದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಉಳಿಯುತ್ತದೆ, 8.30ಕ್ಕೆ ಮುಗಿಯಬೇಕಾದ ದಿನ ನಮ್ಮ ಮಧ್ಯಾಹ್ನ 2 ಗಂಟೆಗೆ ಮುಗಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಿದ್ದ ಮಳೆ ಹಿಂದಿನ ದಿನದ ಲೆಕ್ಕಕ್ಕೆ ಹೋಯಿತು! ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಗೆ ಎಣಿಸುವುದು ಗ್ರಾಮ ಪಂಚಾಯಿತಿಯ ಮಾಪಕವನ್ನು, ನಮ್ಮದನ್ನಲ್ಲ, ನಿಜ. ಆದರೂ ಆ ಅಂಕಿಯ ಮೇಲೆ ಸಂಶಯ ಬಂದು ಪ್ರಶ್ನಿಸಹೊರಟರೆ ನಮ್ಮ ತಾರೀಖಾದರೂ ಸರಿಯಿರಬೇಡವೇ? ಕಾಫಿಯವರಿಗೂ ಹೂಮಳೆ ಎಂದು, ಎಷ್ಟು ಬಿತ್ತೆಂಬುದರ ಮೇಲೆಯೇ ಮುಂದಿನ ಸ್ಪ್ರಿಂಕ್ಲರ್ ಲೆಕ್ಕ.

ಇನ್ನು ಸಿಮ್. ಕಂಪನಿ ಬದಲಿಸಿದರೆ ಎ.ಪಿ.ಎನ್. ಎಂಬ ಹೆಸರನ್ನೂ ಯಂತ್ರದಲ್ಲಿ ಬದಲಿಸಬೇಕು. ಅದು ತಪ್ಪಿದ್ದರೆ ಸಿಗ್ನಲ್ ಪೂರ್ತಿ ಕಂಡರೂ ಅಂಕಿ ಹೊರಡದಿರಬಹುದು. ಬರೀ 2ಜಿ ಬಲ್ಲ ಯಂತ್ರಕ್ಕೆ ಜಿಯೋ ಸಿಮ್ ಹಾಕಿ ಪ್ರಯೋಜನವಿಲ್ಲ, ಅದರ ಜಾಲದಲ್ಲಿ 2ಜಿಯೇ ಇಲ್ಲ. ಮನೆಯ ವೈಫೈಗೆ ಜೋಡಿಸುವವರು 2.4 ಗಿಗಾಹರ್ಟ್ಸ್‌ನ ಹೆಸರನ್ನೇ ಆರಿಸಿಕೊಳ್ಳಲಿ. ಇಂಥ ಬಹಳಷ್ಟು ಯಂತ್ರಗಳಿಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ.

ಇವೆಲ್ಲ ಹತ್ತು ನಿಮಿಷದ ಕೆಲಸ, ಪಾಸ್‌ವರ್ಡ್ ಕೈಯಲ್ಲಿದ್ದರೆ. ಅದು ಪಟ್ಟಣದ ಮಾರಾಟಗಾರನ ಬಳಿಯೇ ಉಳಿದು, ಆಷಾಢದ ಮಳೆಯಲ್ಲಿ ಯಂತ್ರ ಮೂಕವಾದರೆ, ಬೋರ್ಡೋ ಹೊಡೆಯಲು ಹೊಳವು ಕಾಯುತ್ತಿರುವ ಅಡಿಕೆಯವರು ಯಾರ ಬಾಗಿಲು ತಟ್ಟಬೇಕು? ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟಿರುವುದಂತೂ ಉಗ್ರಾಣಕ್ಕೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಟ್ಟಂತೆ.

ಆದ್ದರಿಂದ ಸಂಘದ ಮೂಲಕ ಯಂತ್ರ ತರಿಸುವಾಗ ಆಡಳಿತ ಮಂಡಳಿಯು ಕೆಲವು ಷರತ್ತುಗಳನ್ನು ಹಾಕಬೇಕೆಂದು ಕೋರುತ್ತೇನೆ. ಸಿಮ್ ಸದಸ್ಯರ ಹೆಸರಿನಲ್ಲಿರಬೇಕು. ಸೆಟ್ಟಿಂಗ್ ವಿವರವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಸಂಪರ್ಕ ಕಡಿದ ದಿನಗಳ ಅಂಕಿ ಯಂತ್ರದೊಳಗೇ ಉಳಿಯುವಂತಿರಬೇಕು. ಈಗಾಗಲೇ ಕೊಂಡಿರುವವರು ಎ.ಪಿ.ಎನ್., ಸಿಮ್ ನಂಬರು ಮತ್ತು ತಾವೇ ಬದಲಿಸಿದ ಪಾಸ್‌ವರ್ಡನ್ನು ಮಳೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಲಿ. ಹಳೆಯ ಮಾಪಕವನ್ನು ಗುಜರಿಗೆ ಹಾಕುವ ಅವಸರವೂ ಬೇಡ. ಹೊಸದರ ಅಂಕಿಯನ್ನು ತಾಳೆ ನೋಡಲು ಅದು ಬೇಕಾಗುತ್ತದೆ.