ಸೊಳ್ಳೆಯ ಪಾಠ ಕಲಿಯಬೇಕಾದುದು ತೊಟ್ಟಿಯ ಬಳಿ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿರುವ ಜಲಾಶಯವು ತನ್ನ ಸೈಫನ್‌ಗಳಿಂದ ಹೆಸರಾಗಿದೆ. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲು ತೆರೆಯಬೇಕಾಗಿಲ್ಲದೆ, ಅದು ತಾನಾಗಿಯೇ ಹೊರಕ್ಕೆ ಧುಮುಕುತ್ತದೆ. ಅದನ್ನು ಕಂಡು ಬೆರಗಾಗದ ವಿದ್ಯಾರ್ಥಿಯಿಲ್ಲ. ಆದರೆ ಮನೆಗೆ ಹಿಂದಿರುಗಿ ಹಿತ್ತಲಿನ ತೊಟ್ಟಿಯನ್ನು ಇಣಿಕಿದರೆ ಅಲ್ಲಿಯೂ ‘ಸೈಫನ್’ ಕಾಣಬಹುದೆಂಬುದು ಎಷ್ಟು ಮಂದಿಗೆ ಗೊತ್ತು? ಸೊಳ್ಳೆಯ ಮರಿಹುಳು ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ಉಸಿರಾಡುವ ಕೊಳವೆಗೂ ಪ್ರಾಣಿಶಾಸ್ತ್ರಜ್ಞರು ಇದೇ ಹೆಸರನ್ನು ಇಟ್ಟಿದ್ದಾರೆ.

ಮೊಟ್ಟೆ, ಮರಿಹುಳು, ಕೋಶ, ಸೊಳ್ಳೆ ಎಂಬ ನಾಲ್ಕು ಅವಸ್ಥೆಗಳನ್ನು ನಾವು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತೇವೆ. ಕಣ್ಣಿಂದ ನೋಡಿದವರು ವಿರಳ. ನೋಡುವುದಾದರೋ ಬಹು ಸುಲಭ. ಕ್ಯೂಲೆಕ್ಸ್ ಮತ್ತು ಈಡಿಸ್ ಮರಿಗಳು ತಲೆ ಕೆಳಗಾಗಿ ಓರೆಯಾಗಿ ತೂಗಾಡುತ್ತವೆ. ಅನಾಫಿಲಿಸ್ ಮರಿಗೆ ಆ ಕೊಳವೆಯೇ ಇಲ್ಲ. ಆದುದರಿಂದ ಅದು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಮಲೇರಿಯವನ್ನು ಹರಡುವುದು ಅನಾಫಿಲಿಸ್. ಡೆಂಗಿಯನ್ನು ಹರಡುವುದು ಈಡಿಸ್.

ಸೊಳ್ಳೆಯು ಕೊಳಚೆಯ ಕೂಸೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕ್ಯೂಲೆಕ್ಸ್‌ನ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ನಮ್ಮ ಹಳ್ಳಿಗಳಲ್ಲಿ ಮಲೇರಿಯ ಹರಡುವ ಅನಾಫಿಲಿಸ್ ತಿಳಿನೀರಿನ ಬಾವಿ ಕುಂಟೆಗಳನ್ನು ಅರಸುತ್ತದೆ. ಈಡಿಸ್ ನಾವು ಬಳಕೆಗೆಂದು ತುಂಬಿಟ್ಟ ಪೀಪಾಯಿಯಲ್ಲಿ, ಮಳೆನೀರು ನಿಂತ ತೆಂಗಿನ ಚಿಪ್ಪಿನಲ್ಲಿ ಬೆಳೆಯುತ್ತದೆ. ತೆಂಗಿನ ನಾಡಾದ ತುಮಕೂರು ಸೀಮೆಯಲ್ಲಿ ಚಿಪ್ಪಿಗೆ ಬರವುಂಟೆ? ಚರಂಡಿಯನ್ನು ದೂರುತ್ತ ಕುಳಿತವನ ಮನೆಯ ಕೊಡದಲ್ಲಿಯೇ ಶತ್ರು ಬೆಳೆಯುತ್ತಿರಬಹುದು.

ಈ ತಪ್ಪು ತಿಳಿವಳಿಕೆಯನ್ನು ನೀಗಬಹುದೆಂಬುದಕ್ಕೆ ತುಮಕೂರು ಜಿಲ್ಲೆಯೇ ಸಾಕ್ಷಿ. 2001ರ ಡಿಸೆಂಬರಿನಲ್ಲಿ ಅಲ್ಲಿನ ಮಲೇರಿಯಪೀಡಿತ ಹಳ್ಳಿಗಳಲ್ಲಿ ಸ್ಥಳೀಯ ಕಲಾವಿದರು ಸಂಜೆಯ ವೇಳೆ ಕಲಾಜಾಥಾ ನಡೆಸಿ, ಹಾಡು ನಾಟಕಗಳ ಮೂಲಕ ಸೊಳ್ಳೆಯ ಬದುಕನ್ನು ವಿವರಿಸಿದರು. ಎರಡು ತಿಂಗಳ ಬಳಿಕ ವಿಚಾರಿಸಿದಾಗ, ಅದನ್ನು ನೋಡಿದ್ದ ಜನರು ತಿಳಿನೀರಿಗೂ ಮಲೇರಿಯದ ಸೊಳ್ಳೆಗೂ ಇರುವ ನಂಟನ್ನು ಅರಿತಿದ್ದರು. 2002ರಲ್ಲಿ ಮರಿಹುಳುಗಳನ್ನು ತಿನ್ನುವ ಮೀನುಗಳನ್ನು ಬಿಡುವಾಗ ಅವರೇ ಕೈಜೋಡಿಸಿದರು. ಮಲೇರಿಯ ಗಮನಾರ್ಹವಾಗಿ ಇಳಿಯಿತು. ಆದರೆ ಇಂಥ ಮೀನುಗಳನ್ನು, ಅದರಲ್ಲಿಯೂ ಹೊರದೇಶದಿಂದ ಬಂದ ಗಾಂಬೂಸಿಯವನ್ನು, ನದಿ ಜಲಾಶಯಗಳಿಗೆ ಮನಬಂದಂತೆ ಬಿಡಲಾಗದು. ಅಲ್ಲಿನ ನಾಡಮೀನುಗಳಿಗೆ ಅದರಿಂದ ಹಾನಿ.

ಇದೆಲ್ಲ ಆರೋಗ್ಯ ಇಲಾಖೆಯ ಕೆಲಸ, ಹೊಗೆ ಹಾಕಿದರೆ ಸಾಕು ಎನ್ನುವವರುಂಟು. ಹೊಗೆಯಿಂದ ಸಾಯುವುದು ಹಾರುವ ಸೊಳ್ಳೆ ಮಾತ್ರ. ನೀರಿನೊಳಗಿನ ಮರಿ ಉಳಿಯುತ್ತದೆ. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಗೊಡುವವರಿಗೆ ದಂಡವನ್ನೂ ಗೊತ್ತುಮಾಡಿತು. ದಂಡದ ಭಯದಿಂದ ತೊಟ್ಟಿಯನ್ನು ಒಮ್ಮೆ ತೊಳೆಯಬಹುದು. ವಾರವಾರವೂ ತೊಳೆಯಿಸುವುದು ತಿಳಿವಳಿಕೆಯೊಂದೇ ಎಂದು ನಾವು ನಂಬುತ್ತೇವೆ.

ವಾರವೆಂದು ಹೇಳಲು ಕಾರಣವುಂಟು. ಬೆಚ್ಚನೆಯ ಕಾಲದಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಈಡಿಸ್ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದುದರಿಂದ ನೀರು ಚೆಲ್ಲಿದರೆ ಸಾಲದು, ಒಳಮೈಯನ್ನು ಉಜ್ಜಬೇಕು.

ಪ್ರತಿಯೊಂದು ಪ್ರೌಢಶಾಲೆಯೂ ವಾರಕ್ಕೊಂದು ಜೀವಶಾಸ್ತ್ರದ ತರಗತಿಯನ್ನು ತೊಟ್ಟಿ ಬಾವಿಗಳ ಬಳಿ ನಡೆಸಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದ ಸಲಕರಣೆ ಒಂದು ಬಿಳಿಯ ಬಟ್ಟಲು ಮಾತ್ರ. ಪರೀಕ್ಷೆಗೆಂದು ಕಲಿತುದು ಪರೀಕ್ಷೆಯೊಡನೆ ಮರೆತುಹೋಗಬಹುದು. ಬಟ್ಟಲಲ್ಲಿ ಮಿಸುಕುವ ಮರಿಯನ್ನು ಕಂಡ ವಿದ್ಯಾರ್ಥಿಯಾದರೋ ಅಂದೇ ಮನೆಗೆ ಹೋಗಿ ಪೀಪಾಯಿಯ ಮುಚ್ಚಳವೆತ್ತಿ ನೋಡುತ್ತಾನೆ.